ಮಾಸ್ಟರ್ ಸಿನಿಮಾದಲ್ಲಿ ಸತ್ತವಳು

ಲೈಟು ಆರಿಸಬೇಡಿ, ಹೇಳ್ತೀನಿ. ಕಟ್ಟುಕತೆ ಅನ್ನೋರು ಈಗಲೇ ಎದ್ದು ಹೋಗಿ ಮಲಗಿ. ಇದು ನಮ್ಮ ದೊಡ್ಡಮ್ಮನ ಮಗಳಿಗೆ, ಅಕ್ಕನಿಗೆ ಆಗಿದ್ದು.

ಅವತ್ತು ರಾತ್ರಿ ಅಕ್ಕ ಹಾಳುಬಾವಿ ಪಕ್ಕದ ದಾರಿ ಹಿಡಿದು ಒಬ್ಬಳೇ ಮನೆಗೆ ಬರ್ತಿದ್ದಳು. ಹೊಟ್ಟೆಯೊಳಗೆ ಬೆಂಕಿ. ಯಾಕೆ ಅಂತೀರಾ? ಹದಿನಾರು ವರ್ಷ ಒಬ್ಬ ಡ್ಯಾನ್ಸ್ ಮಾಸ್ಟರ್ ಹತ್ತಿರ ಅಸಿಸ್ಟೆಂಟ್ ಆಗಿದ್ದಳು. ಹೆಜ್ಜೆ ಕಟ್ಟೋದು ಇವಳು, ಕುಣಿದು ತೋರಿಸೋದು ಇವಳು. ಮಂಡಿ ಸವೆದದ್ದು ಇವಳದು, ಹೆಸರು ಅವನದು. ಅವನು ಅಂತಲೇ ಅಂತೀನಿ, ಮರ್ಯಾದೆ ಕೇಳಬೇಡಿ. ತನ್ನದೇ ಬದುಕನ್ನ ಹಾಡು ಕುಣಿತದ ಸಿನಿಮಾ ಮಾಡ್ತೀನಿ ಅಂದಾಗ, "ನಿನ್ನ ಪಾತ್ರನೂ ಇದೆ ಕಣೇ, ಎಲ್ಲರಿಗೂ ನಿನ್ನನ್ನ ತೋರಿಸ್ತೀನಿ" ಅಂದಿದ್ದ. ಪಾಪ, ನಂಬಿದ್ದಳು.

ಬಿಡುಗಡೆಗೆ ಮೂರು ದಿನ ಇರುವಾಗ, ಅವತ್ತು ಸಂಜೆ, ಕೆಲಸ ಮಾಡಿದವರಿಗೆಲ್ಲ ಸಿನಿಮಾ ತೋರಿಸಿದ. ಪಾತ್ರ ಇತ್ತು. ಅಕ್ಕನದೇ ಜಡೆ, ಅಕ್ಕನದೇ ನಡಿಗೆ. ಆದರೆ ಒಂದು ಹೆಜ್ಜೆನೂ ಅವಳು ಹೇಳಿಕೊಡಲ್ಲ. ಮಧ್ಯಂತರ ಆದ ಮೇಲೆ ಸತ್ತೇ ಹೋಗ್ತಾಳೆ. ತನ್ನ ಪಾತ್ರ ತಾನೇ ಮಾಡಿದ್ದ ಮಾಸ್ಟರ್ ಬಗ್ಗಿ ಎರಡು ಬೆರಳಿಂದ ಅವಳ ಕಣ್ಣು ಮುಚ್ಚುತ್ತಾನೆ. ಆ ದುಃಖದಲ್ಲಿ ಅವನಿಗೆ ಒಂದಾದ ಮೇಲೆ ಒಂದು ಹೆಜ್ಜೆ ಹೊಳೆಯುತ್ತಂತೆ... ಎಲ್ಲಾ ಅಕ್ಕ ಕಟ್ಟಿದ್ದೇ.

ಬಾವಿ ಹತ್ತಿರ ಬಂದಾಗ ಸದ್ದು ಕೇಳಿಸ್ತು. ಟಪ್... ಟಪ್... ಬರಿಗಾಲಿನ ಹಿಮ್ಮಡಿ ಕಲ್ಲಿಗೆ ಬಡಿಯೋ ಸದ್ದು. ಬಾವಿಕಟ್ಟೆ ಮೇಲೆ ಒಬ್ಬಳು ಕಾಲು ಇಳಿಬಿಟ್ಟು ಕೂತಿದ್ದಳು. ಅಕ್ಕನಿಗಿಂತ ಮುಂಚೆ ಮಾಸ್ಟರ್‌ಗೆ ಅಸಿಸ್ಟೆಂಟ್ ಆಗಿದ್ದವಳು. ತಾಲೀಮಿನ ಹಾಲ್‌ನಲ್ಲಿ ಅವಳ ಫೋಟೋ ದಿನಾ ನೋಡ್ತಿದ್ದಳು ಅಕ್ಕ. ಸತ್ತು ಹದಿನಾರು ವರ್ಷ.

"ನಿನ್ನನ್ನೂ ಸಾಯಿಸಿದ್ನಾ?" ಪಿಸುಗುಟ್ಟಿದಳು.

ಅಕ್ಕ ಎರಡು ಹೆಜ್ಜೆ ಹಿಂದೆ ಸರಿದಳು. "ಹೂಂ... ಸಿನಿಮಾದಲ್ಲಿ."

"ನನ್ನನ್ನ ನಾಟಕದಲ್ಲಿ. ಅದೂ ಅವನ ಬದುಕಿನ ಕತೆನೇ. ಅವನು ಬರೆಯುವಾಗ ನಾನು ಗಟ್ಟಿಮುಟ್ಟಾಗೇ ಇದ್ದೆ."

"ಮತ್ತೆ... ಯಾವತ್ತು...?"

"ಜನರ ಮುಂದೆ ಮೊದಲನೇ ಪ್ರದರ್ಶನ ಆದ ದಿನ. ಹೋಗು, ಆ ದೃಶ್ಯ ತೆಗೆಸು."

ಅಕ್ಕ ಎದ್ದೆನೋ ಬಿದ್ದೆನೋ ಅಂತ ವಾಪಸ್ ಓಡಿದಳು. ಮಾಸ್ಟರ್ ಇನ್ನೂ ಸಿನಿಮಾ ತೋರಿಸಿದ ಜಾಗದಲ್ಲೇ ಇದ್ದ. ಎಲ್ಲಾ ಹೇಳಿ, "ಅದೊಂದು ತೆಗೆದುಬಿಡಿ ಮಾಸ್ಟರ್" ಅಂತ ಅಂಗಲಾಚಿದಳು. ನಗ್ತಾನೆ ಅಂದ್ಕೊಂಡಿದ್ದಳು. ನಗಲಿಲ್ಲ. ಬಾಗಿಲು ಹಾಕಿಕೊಂಡು ಬಂದು ಮೆಲ್ಲಗೆ ಅಂದ, "ಅವಳೂ ಭಯ ಆಗುತ್ತೆ ಅಂತ ಹೀಗೇ ಬೇಡ್ಕೊಂಡಿದ್ಲು. ಏನ್ಮಾಡ್ಲಿ ಹೇಳು... ಜನ ಅಳೋದೇ ಅಲ್ಲಿ."

ಅಂದ್ರೆ ಅವನಿಗೆ ಗೊತ್ತಿತ್ತು ಕಣ್ರೀ. ಗೊತ್ತಿದ್ದೂ ಬರೆದ. ಅಕ್ಕ ಮನೆಗೆ ಬಂದು ಸಾವಿಗೆ ಅಳಲಿಲ್ಲ, ಇದಕ್ಕೆ ಅತ್ತಳು. "ಹದಿನಾರು ವರ್ಷ ಕಣೋ ತಮ್ಮಾ, ಅನ್ನ ನೀರು ಬಿಟ್ಟು ದುಡಿದೆನಲ್ಲೋ" ಅಂತ ಮೂರು ದಿನ ಅದೇ ಮಾತು.

ಶುಕ್ರವಾರ ಬಿಡುಗಡೆ. ಅಕ್ಕ ನಮ್ಮನೆ ನಡುಮನೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಜ್ವರ ಇಲ್ಲ, ಕೆಮ್ಮು ಇಲ್ಲ. ಗಳಿಗೆಗೊಂದು ಸಲ ಗಡಿಯಾರ ನೋಡೋಳು. ನಾನು ಪಕ್ಕದಲ್ಲೇ ಇದ್ದೆ. ಥಿಯೇಟರ್‌ನಲ್ಲಿ ಮೊದಲ ಆಟದ ಮಧ್ಯಂತರ ಮುಗಿದು ಸ್ವಲ್ಪ ಹೊತ್ತಾಗಿರಬೇಕು...

"ಕೈ ತೆಗಿಯೋ," ಅಂದಳು.

ನನ್ನ ಕೈ ನನ್ನ ತೊಡೆ ಮೇಲಿತ್ತು. ತಿರುಗಿ ನೋಡೋಷ್ಟರಲ್ಲಿ ಉಸಿರು ನಿಂತಿತ್ತು. ಕಣ್ಣು ಮುಚ್ಚಿತ್ತು.

ಎರಡೂ ರೆಪ್ಪೆ ಮೇಲೆ ಮೇಕಪ್ಪಿನ ಬಣ್ಣ ಅಂಟಿತ್ತು, ಬೆರಳಿನ ಗುರುತು ಬಿದ್ದ ಹಾಗೆ. ನಂಬಿ, ಬಿಡಿ. ಒದ್ದೆ ಬಟ್ಟೆ ತಂದು ಒರೆಸಿದವನು ನಾನೇ.