ಎಡಕ್ಕೆ ವಾಲಿದ ವಿಮಾನ

ಕೈನಡುಕಕ್ಕೆ ಔಷಧಿ ಕೊಡುವ ಡಾಕ್ಟರ ಕೋಣೆಯ ಹೊರಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಒಬ್ಬ ಹಿರಿಯರು, ಅವರ ಸೊಸೆ. ವಿಮಾನ ಹೊರುವ ಹಡಗಿನಲ್ಲಿ ಮೆಕ್ಯಾನಿಕ್ ಆಗಿದ್ದ ಅವರು ಈಗ ಮನೆಯಲ್ಲಿ ಅದೇ ಹಡಗಿನ ಪುಟ್ಟ ಮಾದರಿ ಕಟ್ಟುತ್ತಿದ್ದಾರೆಂದು ಅವರ ಮಾತಿನಿಂದಲೇ ತಿಳಿಯಿತು.

“ಹಡಗಿನ ತುದಿಯಲ್ಲಿದ್ದ ವಿಮಾನವನ್ನ ನೆಟ್ಟಗೆ ಮಾಡಿದ್ದು ನೀನೇ ತಾನೆ?”

“ಯಾವುದು ಮಾವ?”

“ಯಾವುದು ಅಂತೆ! ಕಡಲೆಬೀಜದಷ್ಟಿರೋ ವಿಮಾನಕ್ಕೆ ಬೆಕ್ಕು ಬಂದು ಅಂಟು ಹಾಕ್ತಾ?”

“ಎಡಕ್ಕೆ ವಾಲಿತ್ತು. ನೋಡಿದ್ರೆ ನೀವು ಬೇಜಾರು ಮಾಡ್ಕೋತೀರಿ ಅಂತ...”

“ಅದನ್ನ ಬೇಕಂತಲೇ ವಾಲಿಸಿದ್ದೆ ಕಣಮ್ಮ. ನಿಜವಾದ ಹಡಗಲ್ಲೂ ಆ ವಿಮಾನದ ಎಡಗಾಲು ಕುಂಟು. ಎಷ್ಟು ರಿಪೇರಿ ಮಾಡಿದ್ರೂ ಹಾಗೇ ನಿಲ್ತಿತ್ತು. ನಾವೆಲ್ಲ ಕುಂಟಣ್ಣ ಅಂತಲೇ ಕರೀತಿದ್ವಿ.”

ಸೊಸೆ ಕೈಚೀಲದ ದಾರ ಬೆರಳಿಗೆ ಸುತ್ತಿಕೊಂಡಳು.

“ಹಾಗಾದ್ರೆ ಉಳಿದವೂ ಕುಂಟಾ ಮಾವ?”

“ಉಳಿದವು ಅಂದ್ರೆ?”

“ನೀವು ಕೈ ತೊಳೆಯೋಕೆ ಹೋದಾಗ, ಅಂಟು ಒಣಗೋ ಮೊದಲು ಸರಿ ಮಾಡಿಬಿಡ್ತಿದ್ದೆ.”

“ಎಲ್ಲಾನೂನಾ?”

“ಹೆಚ್ಚುಕಮ್ಮಿ.”

ಹಿರಿಯರು ತಮ್ಮ ಬಲಗೈಯನ್ನು ತಿರುಗಿಸಿ ನೋಡಿಕೊಂಡರು.

“ಅವು ಕುಂಟಲ್ಲ. ಅವು ವಾಲಿದ್ರೆ ನನ್ನ ಕೈಯಿಂದಲೇ. ವಿಮಾನಗಳು ನೆಟ್ಟಗೆ ನಿಲ್ತಿವೆ, ಔಷಧಿ ಹಿಡಿದಿದೆ ಅಂತ ಹೋದ ಸಲ ಡಾಕ್ಟರ ಮುಂದೆ ಜಂಬ ಕೊಚ್ಚಿಕೊಂಡು ಬಂದೆನಲ್ಲ! ಅವರು ಮಾತ್ರೆ ಕಮ್ಮಿ ಬೇರೆ ಮಾಡಿದ್ರು.”

“ಅಷ್ಟು ಖುಷಿಯಾಗಿದ್ರಿ. ಹೇಳೋಕೆ ಬಾಯಿ ಬರಲಿಲ್ಲ.”

ನರ್ಸ್ ಬಾಗಿಲು ತೆರೆದು ಅವರನ್ನು ಕರೆದಳು. ಹಿರಿಯರು ಕುರ್ಚಿ ಹಿಡಿದು ಎದ್ದರು.

“ಬಾ, ಒಳಗೆ ನೀನೇ ಹೇಳು. ಎಷ್ಟು ವಾಲಿದ್ವು ಅಂತ ನೋಡಿರೋಳು ನೀನೊಬ್ಬಳೇ.”