ಆಳಂದಕ್ಕೆ ಹೊರಟ ತೊಗರಿಕಟ್ಟಿಗೆ

ಮಾದನಹಿಪ್ಪರಗಾ ಎಂಬ ಊರಿನಲ್ಲಿ ಮರೆಮ್ಮ ಎಂಬೊಬ್ಬ ಅತ್ತೆ ತೊಗರಿಕಟ್ಟಿಗೆಯ ಹೊರೆಯೊಂದಿಗೆ ಆಳಂದದ ಬಸ್ಸಿನ ಬಾಗಿಲಲ್ಲಿ ನಿಂತಿದ್ದಳು. ಕಟ್ಟಿಗೆ ಇವತ್ತೇ ತರುತ್ತೇನೆಂದು ಆಳಂದದ ಮನೆಯಲ್ಲಿದ್ದ ಸೊಸೆಗೆ ಮಾತು ಕೊಟ್ಟಿದ್ದಳು. ಕಂಡಕ್ಟರ್ ಏಜಾಜ ಅಡ್ಡ ನಿಂತ.

“ಕಟಗಿ ಬ್ಯಾಡ್ರಿ ಯಮ್ಮಾ, ಮಂದಿಗಿ ಚುಚ್ತಾವ.”

“ಗ್ಯಾಸ್ ತುಟ್ಟಿ ಆಗ್ಯಾದ ತಮ್ಮಾ. ವಾರಕ್ಕೊಮ್ಮಿ ಒಲಿ ಹಚ್ಚಿ ನೂರು ಖಡಕ್ ರೊಟ್ಟಿ ಮಾಡಿ ಇಡ್ತೇವಿ.”

“ಒಮ್ಮಿಗೇ ನೂರಾ?”

“ಸೊಸಿ ರೊಟ್ಟಿ ಬಡೀತಾಳ, ನಾ ಸುಡ್ತೇನಿ. ಹಂಚು ಒಂದ್ ಗಳಿಗಿ ಖಾಲಿ ಬಿಡಂಗಿಲ್ಲ.”

“ನಮ್ಮಾಕಿ ದಿನಾ ನಾಕು ರೊಟ್ಟಿಗಿ ಗ್ಯಾಸ್ ಹಚ್ತಾಳ.”

“ಹಿಟ್ಟು ಕೊಟ್ಟು ಕಳಸು ಆಕಿನ್ನ, ಅದೇ ಉರಿಯಾಗ ನಿಮ್ಮವೂ ಆಗ್ತಾವ. ನೀ ಬರಬ್ಯಾಡ, ಕಟಗಿಗಿ ಹೆದರೋ ಗಂಡಸು!”

ಬಸ್ಸಿನವರೆಲ್ಲ ನಕ್ಕರು. ಮರೆಮ್ಮ ಹಳೆಯ ಸೀರೆಯಿಂದ ಹೊರೆಯ ತುದಿಗಳನ್ನು ಸುತ್ತಿದಳು. ಏಜಾಜ ಇನ್ನೊಂದು ಕಡೆ ಹಿಡಿದು, ಹಿಂದಿನ ಸೀಟಿನ ಕೆಳಗೆ ನೂಕಿ, “ರೈಟ್!” ಎಂದ. ಹೊರೆ ಆಳಂದಕ್ಕೆ ಹೊರಟಿತು.