ಸೋಮಾರಿಯ ನಿವೃತ್ತಿ

ವೇದಿಕೆಯ ನಡುವೆ ಆಸೀನರಾಗಿರುವ ಮಾನ್ಯ ಅಧ್ಯಕ್ಷರೇ, ಈ ಆರೈಕೆ ಕೇಂದ್ರದ ಮೇಲ್ವಿಚಾರಕಿಯವರೇ, ದಾದಿಯರೇ, ಗಾಲಿಕುರ್ಚಿಯಲ್ಲಿ ಬಂದಿರುವ ಹಿರಿಯರೇ, ಎರಡನೇ ಸಾಲಿನಲ್ಲಿ ಕುಳಿತು ಈಗಾಗಲೇ ಗಡಿಯಾರ ನೋಡುತ್ತಿರುವ ನನ್ನ ಧರ್ಮಪತ್ನಿಯೇ, ನನ್ನ ಕಾಲ ಬುಡದಲ್ಲಿ ಗೊರಕೆ ಹೊಡೆಯುತ್ತಿರುವ ಇಂದಿನ ಸನ್ಮಾನಿತರೇ, ಹಾಗೂ ಸಭಿಕರೇ,

ಬೀಳ್ಕೊಡುಗೆ ನಾಯಿಗೆ, ಭಾಷಣ ನನ್ನದು. ಇದು ನ್ಯಾಯವೇ ಎಂದು ನೀವು ಕೇಳಬಹುದು. ನ್ಯಾಯವಲ್ಲ. ಆದರೆ ಅವನು ಮಾತನಾಡುವುದಿಲ್ಲ, ನಾನು ನಿಲ್ಲಿಸುವುದಿಲ್ಲ. ನಮ್ಮಿಬ್ಬರ ಜೋಡಿ ಇಷ್ಟು ವರ್ಷ ಹೀಗೆಯೇ ಸಾಗಿ ಬಂದಿದೆ.

ಸಭಿಕರೇ, ನಾನು ಜೀವವಿಮೆ ಮಾರುತ್ತಿದ್ದವನು. ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ನಿಜವೇ, ಬಾಗಿಲನ್ನೇ ತೆರೆಯದಿದ್ದರೆ ಜಗಳ ಎಲ್ಲಿಂದ ಬರಬೇಕು? ನಾನು ಬೀದಿಗೆ ಕಾಲಿಟ್ಟರೆ ಮನೆಮನೆಯಲ್ಲೂ ಟೀವಿ ಸದ್ದು ಅಡಗುತ್ತಿತ್ತು. ಒಮ್ಮೆ ನನ್ನ ಸ್ವಂತ ಭಾವಮೈದುನ ನನ್ನನ್ನು ದೂರದಿಂದ ಕಂಡು, ಯಾರದೋ ಶವಯಾತ್ರೆಯೊಳಗೆ ಸೇರಿಕೊಂಡು ಸ್ಮಶಾನದವರೆಗೂ ಹೋಗಿಬಂದ.

ನಿವೃತ್ತನಾದ ಮೇಲೆ ನನ್ನ ಮಾತಿಗೆ ಉಳಿದ ಕಿವಿಗಳು ಒಬ್ಬರವೇ. ಆ ಒಬ್ಬರು ಒಂದು ಬೆಳಿಗ್ಗೆ ಸೌಟು ಕೆಳಗಿಟ್ಟು, "ನೋಡಿ, ಕಾಯಿಲೆಯವರ ಹತ್ರ ನಾಯಿ ಕರ್ಕೊಂಡು ಹೋಗೋ ಸೇವೆ ಅಂತ ಇದೆಯಂತೆ. ನಮ್ಮ ನಾಯಿ ಹೋಗ್ಲಿ. ಅದರ ಜೊತೆ ನೀವೂ ಹೋಗಿ" ಎಂದರು. ಸೇವಾ ಮನೋಭಾವ ನನಗೆ ಬಂದದ್ದು ಹೀಗೆ.

ನಾಯಿಯ ಹೆಸರು ಸೋಮಾರಿ. ಹೆಸರು ಎನ್ನುವುದಕ್ಕಿಂತ ಪರಿಚಯ ಎನ್ನಿ. ಕಳ್ಳ ಬಂದರೂ ತಲೆಯೆತ್ತುವ ಶ್ರಮ ತೆಗೆದುಕೊಳ್ಳದ ಜೀವ. ಆದರೆ ಈ ಸೇವೆಗೆ ಬೇಕಾದದ್ದು ಅದೇ ಗುಣ! ನಾಯಿ ಬೆದರಬಾರದು, ಬೊಗಳಬಾರದು, ಎಗರಬಾರದು. ಪರೀಕ್ಷೆಯ ದಿನ ಪರೀಕ್ಷಕಿ ಅವನ ಬೆನ್ನ ಹಿಂದೆ ಸ್ಟೀಲ್ ತಟ್ಟೆಗಳ ರಾಶಿಯನ್ನೇ ಕೆಡವಿದರು. ಸೋಮಾರಿ ಕಣ್ಣು ಬಿಡಲಿಲ್ಲ. ಕಿರುಚಿಕೊಂಡು ಕುರ್ಚಿ ಹತ್ತಿದವನು ನಾನು. "ನಾಯಿ ಪಾಸು. ಅದನ್ನ ಹಿಡ್ಕೊಂಡಿರೋರು ಇನ್ನೊಂದ್ಸಲ ಬರ್ಲಿ" ಎಂದರು.

ಇಲ್ಲಿಗೆ ಬಂದ ಮೊದಲ ಗುರುವಾರ ಏನಾಯಿತು? ಕಾರಿಡಾರಿನಲ್ಲಿ ಕುಳಿತಿದ್ದ ನನ್ನ ಹಳೆಯ ಗಿರಾಕಿಗಳು ನನ್ನನ್ನು ಗುರುತಿಸಿ ಸಾಲಾಗಿ ಕಣ್ಣು ಮುಚ್ಚಿದರು. ಹಿಂದೆಯೇ ನಾಯಿ ಬಂತು. ಸಾಲಾಗಿ ಕಣ್ಣು ತೆರೆದರು. "ಬಾರೋ, ಬಾರೋ ರಾಜ" ಎಂದು ಕೋಣೆ ಕೋಣೆಯಿಂದಲೂ ಕರೆ. ನಾನು ಅಲ್ಲೇ ನಿಂತುಬಿಟ್ಟೆ. ಜೀವಮಾನವೆಲ್ಲ ಬಾಗಿಲು ತಟ್ಟಿದವನು ನಾನು, ಒಳಗಿನಿಂದ "ಬಾ" ಎಂಬ ಮಾತು ಕೇಳಿದವನಲ್ಲ. ಅದು ನನಗಲ್ಲ ಎಂದು ಗೊತ್ತಿತ್ತು. ಆದರೂ ಹಗ್ಗದ ಇನ್ನೊಂದು ತುದಿ ನನ್ನ ಕೈಯಲ್ಲಿತ್ತಲ್ಲ, ನಾನೂ ಒಳಗೆ ಹೋದೆ.

ಕೊನೆಯ ಕೋಣೆಯಲ್ಲಿ ನಮ್ಮ ದರ್ಜಿಯಣ್ಣ. ಪಾರ್ಶ್ವವಾಯು ಬಡಿದ ಮೇಲೆ ಅವರ ಮಾತು ನಿಂತಿತ್ತು. ಸೋಮಾರಿ ಹೋಗಿ ಮಂಚದ ಅಂಚಿಗೆ ಗದ್ದ ಊರುತ್ತಿದ್ದ. ದರ್ಜಿಯಣ್ಣ ಅವನ ಕಿವಿಯನ್ನು ಎರಡು ಬೆರಳಲ್ಲಿ ಹಿಡಿದು ಬಟ್ಟೆ ನೋಡಿದಂತೆ ಉಜ್ಜುತ್ತಿದ್ದರು. ನಾನು ಉಸಿರು ಬಿಡದೆ ನಾಯಿಯ ಹಲ್ಲು, ಹಸಿವು, ಹುಟ್ಟು ಎಲ್ಲ ವಿವರಿಸಿ, ಮೆಲ್ಲಗೆ ವಿಮೆಯ ವಿಷಯಕ್ಕೂ ಬರುತ್ತಿದ್ದೆ. ವಾರವಾರವೂ ಇದೇ. ಒಂದು ದಿನ ಅವರ ತುಟಿ ಅಲುಗಿತು! ದಾದಿ ಓಡಿಬಂದರು, ವೈದ್ಯರು ಓಡಿಬಂದರು. ದರ್ಜಿಯಣ್ಣ ತಡವರಿಸುತ್ತ ಹೇಳಿದರು: "ಈ... ಮನುಷ್ಯನ ಬಾಯಿ... ಯಾರಾದ್ರೂ ಹೊಲೀರಿ."

ದಾದಿ ಆನಂದದಿಂದ ಅತ್ತುಬಿಟ್ಟರು. ವೈದ್ಯರು ನನ್ನ ಕೈ ಕುಲುಕಿದರು. ಆ ಚಿಕಿತ್ಸೆಯಲ್ಲಿ ನನ್ನ ಪಾಲೂ ಇದೆ ಎಂದು ಅಂದಿನಿಂದ ಸಿಕ್ಕವರಿಗೆಲ್ಲ ಹೇಳುತ್ತ ಬಂದಿದ್ದೇನೆ.

ಈಗ ಸೋಮಾರಿಯ ಸೊಂಟ ಬಿದ್ದುಹೋಗಿದೆ. ಪಶುವೈದ್ಯರು ಸಾಕು ಎಂದುಬಿಟ್ಟರು. ಇಲ್ಲಿನ ನಿಯಮ ನಿಮಗೆ ಗೊತ್ತು, ಒಳಬರುವ ಅನುಮತಿ ನಾಯಿಗೆ. ನಾಯಿಯೇ ಇಲ್ಲದ ಮೇಲೆ ನಾನು ಯಾರು? ನೋಡಲು ಬಂದೆ ಎನ್ನಲು ನನಗೆ ಇಲ್ಲಿ ಸ್ವಂತ ಅಣ್ಣನಿಲ್ಲ, ಅತ್ತೆಯಿಲ್ಲ. ಗುರುವಾರ ಬಂದರೆ ಎಲ್ಲಿಗೆ ಹೋಗಲಿ? ಈ ಮಾತನ್ನು ನಾನು ಮನೆಯಲ್ಲಿ ಹೇಳಿರಲಿಲ್ಲ. ಎರಡನೇ ಸಾಲಿನವರು ಗಡಿಯಾರ ನೋಡುವುದನ್ನು ಈಗ ನಿಲ್ಲಿಸಿದ್ದಾರೆ.

ಮೊನ್ನೆ ಸೋಮಾರಿಗೆ ಇಲ್ಲಿ ಕೊಟ್ಟಿದ್ದ ಸೇವೆಯ ಕೊರಳಪಟ್ಟಿಯನ್ನು ಕಚೇರಿಗೆ ಹಿಂದಿರುಗಿಸಿ ಹೋಗೋಣವೆಂದು ಒಬ್ಬನೇ ಬಂದೆ. ಕಾಲು ತಾನಾಗಿ ಕೊನೆಯ ಕೋಣೆಗೆ ಹೋಯಿತು. ಬಾಗಿಲಲ್ಲಿ ನಿಂತು ಮಾತು ಶುರುಮಾಡುವುದು ನನ್ನ ಕಸುಬು. ಅಂದು ಒಂದು ಮಾತೂ ಬರಲಿಲ್ಲ.

ದರ್ಜಿಯಣ್ಣ ನನ್ನ ಕಾಲ ಬಳಿ ನೋಡಿದರು. "ಅವನೆಲ್ಲಿ?"

"ಸೊಂಟ ನೋವು. ಇನ್ನು ಬರಲ್ಲ, ಅಣ್ಣ."

ಅವರು ಗೋಡೆಯ ಕಡೆ ತಿರುಗಿಕೊಂಡರು. ಮುಗಿಯಿತು ಎಂದು ನಾನು ಹೊರಟೆ. ಆಗ ಹಿಂದಿನಿಂದ ಕೇಳಿಸಿತು: "ನೀನು ಬಾ."

ಹೋದೆ. ಕುರ್ಚಿಯಿತ್ತು. ಆದರೂ ಯಾಕೋ ಅವನು ಕೂರುತ್ತಿದ್ದ ಜಾಗದಲ್ಲೇ ನೆಲಕ್ಕೆ ಕೂತೆ. ಬಾಯಿ ತೆರೆಯಲಿಲ್ಲ. ಸ್ವಲ್ಪ ಹೊತ್ತಿಗೆ ಅವರ ಕೈ ಬಂದು ನನ್ನ ತಲೆಯ ಮೇಲೆ ಕೂತಿತು. ಸವರಿ ನೋಡಿದರು. "ಅವನಷ್ಟು ಕೂದಲಿಲ್ಲ" ಎಂದರು. ಆಮೇಲೆ, "ಇರ್ಲಿ." ಕೈ ತೆಗೆಯಲಿಲ್ಲ. ನನಗೆ ಅಳು ಬಂತು ಸಭಿಕರೇ, ಸದ್ದಿಲ್ಲದೆ ಅತ್ತೆ.

ಮೇಲ್ವಿಚಾರಕಿಯವರೇ, ನಿಯಮವನ್ನು ನೀವೇ ಹೇಗಾದರೂ ಸಮಾಧಾನಪಡಿಸಿ. ಬರುವ ಗುರುವಾರ ನಾನು ಬರುತ್ತೇನೆ. ಇಷ್ಟು ಹೊತ್ತು ನನ್ನನ್ನು ಸಹಿಸಿಕೊಂಡ ನಿಮಗೆಲ್ಲ ನಾನು ಋಣಿ. ಇದ್ದಬದ್ದ ಮಾತನ್ನೆಲ್ಲ ಇಲ್ಲೇ ಖಾಲಿ ಮಾಡಿದ್ದೇನೆ, ಗುರುವಾರಕ್ಕೆಂದು ಒಂದನ್ನೂ ಉಳಿಸಿಕೊಂಡಿಲ್ಲ. ನಮಸ್ಕಾರ.